ಮಂಗಳೂರು–ಕಾರವಾರ ಸೈಕಲ್ ಪ್ರವಾಸ: ಇಬ್ಬರಿಗೆ 12,000 ರೂಪಾಯಿ ಸಾಕಾಗುತ್ತಾ?

ಸಕ್ಕರೆನಾಡು_ಪೆಡಲ್ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನೂ ನನ್ನ ತಮ್ಮನೂ ಮಂಗಳೂರಿಂದ ಕಾರವಾರದವರೆಗೆ ಆದಷ್ಟೂ ಸಮುದ್ರದ ಪಕ್ಕದಲ್ಲೇ ಸೈಕಲ್ ತುಳಿಯೋ ಯೋಚನೆಯಲ್ಲಿದ್ದೀವಿ. ಸಂಕ್ರಾಂತಿ ಆಸುಪಾಸು, ರಜೆ ಒಟ್ಟು ಆರು ದಿನ. ಇಬ್ಬರಿಗೂ ಸೇರಿ, ಹೋಗಿ ಬರೋ ಖರ್ಚೂ ಸೇರಿ 12,000 ದಾಟಬಾರದು.

ಸೈಕಲ್ ಎರಡೂ ಸಾಧಾರಣ ಹೈಬ್ರಿಡ್, 21 ಗೇರು, 700×35 ಟೈರು, ಹಿಂದೆ ಕ್ಯಾರಿಯರ್ ಹಾಕಿಸಿದ್ದೀವಿ. ಮಟ್ಟಸ ರಸ್ತೆಯಲ್ಲಿ ದಿನಕ್ಕೆ 60 ಕಿ.ಮೀ. ತೊಂದರೆ ಇಲ್ಲ. ಘಾಟಿ ಹತ್ತಿ ಅಭ್ಯಾಸ ಇಲ್ಲ, ಅದಕ್ಕೇ ಮಡಿಕೇರಿ ಕಡೆಯಿಂದ ತುಳಿದುಕೊಂಡು ಹೋಗೋದನ್ನ ಕೈಬಿಟ್ಟಿದ್ದೀವಿ.

ಕೇಳಬೇಕಿರೋದು ಇಷ್ಟು. ಮಂಡ್ಯದಿಂದ ಸೈಕಲ್ ಸಾಗಿಸೋದು ಹೇಗೆ? ದಿನಕ್ಕೆ ಎಲ್ಲಿಂದ ಎಲ್ಲಿಗೆ ಇಟ್ಟುಕೊಳ್ಳಬೇಕು? ಟೆಂಟ್ ಒಯ್ದರೆ ದುಡ್ಡು ಉಳಿಯುತ್ತಾ? ಸ್ಪೇರ್ ಏನೇನು ಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

---

ಕುಕ್ಕರಹಳ್ಳಿ_ಏರಿ (ಮೈಸೂರು)

ಮೊದಲನೇ ಮಾತು, ದಿಕ್ಕು ತಿರುಗಿಸಿ. ಕಾರವಾರದಲ್ಲಿ ಶುರು ಮಾಡಿ ಮಂಗಳೂರಿಗೆ ಇಳಿಯಿರಿ.

ಕಾರಣ ಗಾಳಿ. ಡಿಸೆಂಬರ್‌ನಿಂದ ಮಳೆಗಾಲದವರೆಗೆ ನಮ್ಮ ಕರಾವಳಿಯಲ್ಲಿ ಬೆಳಗ್ಗೆ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ ಮೆಲ್ಲಗೆ ಬೀಸುತ್ತೆ. ನೆಲ ಕಾದ ಮೇಲೆ, ಸುಮಾರು 11–12 ಗಂಟೆಯಿಂದ ಕಡಲಗಾಳಿ ಏಳುತ್ತೆ. ಅದು ನೇರ ಪಶ್ಚಿಮದ್ದಲ್ಲ, ಹೆಚ್ಚಾಗಿ ವಾಯವ್ಯದ್ದು, ಸಂಜೆವರೆಗೂ ಬಿಡೋದಿಲ್ಲ. ಉತ್ತರಕ್ಕೆ ಹೋಗ್ತಿದ್ದರೆ ದಿನದ ಕೊನೇ 20–25 ಕಿ.ಮೀ. ಎದುರುಗಾಳಿ. ಚೀಲ ಕಟ್ಟಿದ ಸೈಕಲ್ ಗಂಟೆಗೆ 18ರಲ್ಲಿ ಹೋಗೋದು 12ಕ್ಕೆ ಇಳಿಯುತ್ತೆ, ಅದೂ ಬಿಸಿಲು ಜಾಸ್ತಿ ಇರೋ ಹೊತ್ತಲ್ಲಿ. ದಕ್ಷಿಣಕ್ಕೆ ಹೊರಟರೆ ಅದೇ ಗಾಳಿ ಬೆನ್ನಿಗೆ.

ಎರಡನೇದು ದಿನಾಂಕ. ಮಕರ ಸಂಕ್ರಾಂತಿಗೆ ಉಡುಪಿಯಲ್ಲಿ ಮೂರು ತೇರಿನ ಉತ್ಸವ. ಅದೂ ಸಮಸಂಖ್ಯೆಯ ವರ್ಷವಾದರೆ ಜನವರಿ 18ಕ್ಕೆ ಪರ್ಯಾಯ ಉತ್ಸವ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗೋದು, ಎರಡು ವರ್ಷಕ್ಕೊಮ್ಮೆ. ಆ ವಾರ ಉಡುಪಿ, ಮಲ್ಪೆಯಲ್ಲಿ ನಿಮ್ಮ ಬಜೆಟ್ಟಿಗೆ ರೂಮು ಸಿಕ್ಕೋದು ಕಷ್ಟ. ಜನವರಿ 20 ಆದ ಮೇಲೆ, ಸೋಮವಾರಕ್ಕೆ ಕಾರವಾರ ತಲುಪೋ ಹಾಗೆ ಹೊರಡಿ. 26ರ ರಜೆ ವಾರಾಂತ್ಯಕ್ಕೆ ಅಂಟಿಕೊಂಡಿದೆಯಾ ನೋಡ್ಕೊಳ್ಳಿ, ಇದ್ದರೆ ಗೋಕರ್ಣದ ದರ ಎರಡರಷ್ಟಾಗುತ್ತೆ.

ಇನ್ನು ಸಾಗಾಟ. ಮಂಡ್ಯದವರು ಕಾರವಾರಕ್ಕೆ ಹೋಗೋಕೆ ಮೊದಲು ಬೆಂಗಳೂರಿಗೆ ಹೋಗಿ ಅಂದರೆ ಹಿಂದುಮುಂದಾಗಿ ಕಾಣಿಸುತ್ತೆ. ಆದರೂ ಅದೇ ಸರಿ. ಬೆಂಗಳೂರಿಂದ ಸಂಜೆ ಹೊರಟು ಬೆಳಗ್ಗೆ ಕಾರವಾರ ಮುಟ್ಟೋ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಹಾಸನದ ಮೇಲೆ ಹೋಗುತ್ತೆ. ಹಾಸನದಲ್ಲೇ ಹತ್ತಬಹುದಲ್ಲ ಅನ್ನಿಸುತ್ತೆ. ಸೈಕಲ್ ಹೋಗೋದು ಲಗೇಜ್ ವ್ಯಾನಿನಲ್ಲಿ. ನಡುವಿನ ಸ್ಟೇಷನ್‌ನಲ್ಲಿ ಗಾಡಿ ಕೆಲವೇ ನಿಮಿಷ ನಿಲ್ಲುತ್ತೆ, ವ್ಯಾನು ತುಂಬಿದ್ದರೆ ಅಥವಾ ಬೀಗ ತೆಗೆಯೋದು ತಡವಾದರೆ ನೀವು ಒಳಗೆ, ಸೈಕಲ್ ಪ್ಲಾಟ್‌ಫಾರಮ್ಮಲ್ಲಿ. ಹೊರಡೋ ಸ್ಟೇಷನ್‌ನಲ್ಲಿ ಹಾಕಿ ಕೊನೇ ಸ್ಟೇಷನ್‌ನಲ್ಲಿ ಇಳಿಸಿಕೊಂಡರೆ ಈ ತಲೆನೋವೇ ಇಲ್ಲ. ಮಂಡ್ಯದಿಂದ ಬೆಂಗಳೂರು ನೂರು ಕಿ.ಮೀ., ಹಾಸನವೂ ಹೆಚ್ಚುಕಡಿಮೆ ಅಷ್ಟೇ.

ಪಾರ್ಸೆಲ್ ಕಚೇರಿಗೆ ಗಾಡಿ ಹೊರಡೋಕೆ ಎರಡು ಗಂಟೆ ಮುಂಚೆ ಹೋಗಿ. ನಿಮ್ಮ ಟಿಕೆಟ್ಟು, ಆಧಾರ್ ಮೂಲಪ್ರತಿ, ಒಂದೊಂದು ಜೆರಾಕ್ಸ್ ಇರಲಿ. "ನಾವು ಹೋಗೋ ಗಾಡಿಗೇ ಲಗೇಜ್ ಅಂತ ಬುಕ್ ಮಾಡಿ" ಅಂತ ಸ್ಪಷ್ಟವಾಗಿ ಹೇಳಿ. ಬರೀ ಪಾರ್ಸೆಲ್ ಅಂತ ಬುಕ್ ಆದರೆ ಅದು ಬೇರೆ ಗಾಡಿಯಲ್ಲಿ ಮರುದಿನ ಬರಬಹುದು. ಹೆಸರು, ಎಲ್ಲಿಂದ ಎಲ್ಲಿಗೆ, ಟಿಕೆಟ್ ನಂಬರು, ಇವನ್ನ ರಟ್ಟಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದು ಎರಡು ಕಡೆ ಕಟ್ಟಿ. ಪಂಪು, ಲೈಟು, ಬಾಟ್ಲಿ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಿಂದಿನ ಗೇರನ್ನ ಅತಿ ದೊಡ್ಡ ಚಕ್ರಕ್ಕೆ ಹಾಕಿಡಿ, ಆಗ ಡಿರೇಲರ್ (ಚೈನನ್ನ ಗೇರಿನಿಂದ ಗೇರಿಗೆ ದಾಟಿಸೋ ಭಾಗ) ಒಳಕ್ಕೆ ಸರಿಯುತ್ತೆ, ಮೇಲೆ ಮೂಟೆ ಬಿದ್ದರೂ ಬಾಗೋದಿಲ್ಲ. ಸೈಕಲ್ ಹತ್ತಿಸಿದ್ದನ್ನ ಕಣ್ಣಾರೆ ನೋಡಿ ಆಮೇಲೆ ನಿಮ್ಮ ಬೋಗಿಗೆ ಹೋಗಿ.

ದಿನಗಳ ಲೆಕ್ಕ, ಎಲ್ಲಾ ಅಂದಾಜು ದೂರ:

ಮೊದಲ ದಿನ ಕಾರವಾರದಿಂದ ಗೋಕರ್ಣ, 60 ಕಿ.ಮೀ. ನಿಜ ಹೇಳಬೇಕೆಂದರೆ ಕಾರವಾರ–ಅಂಕೋಲಾ ನಡುವೆ ಸಮುದ್ರ ಕಾಣೋದು ಕಮ್ಮಿ, ಬಿಣಗಾ–ಅರಗಾ ಕಡೆಯ ದಂಡೆಯೆಲ್ಲ ನೌಕಾನೆಲೆ. ಸಣ್ಣ ಸಣ್ಣ ಏರುಗಳಿವೆ, ಸುರಂಗ ಇದೆ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರೀತಿರಲಿ. ಅಂಕೋಲಾದಲ್ಲಿ ಊಟ, ಮೂರು ಗಂಟೆವರೆಗೆ ನೆರಳು. ಆಮೇಲೆ ಶಿರೂರು, ಗಂಗಾವಳಿ ಸೇತುವೆ ದಾಟಿ ಮಾದನಗೇರಿಯಲ್ಲಿ ಬಲಕ್ಕೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಈ ಶಿರೂರಿನಲ್ಲೇ. ಅಲ್ಲಿ ಫೋಟೋ ಅಂತ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. ಬೈಂದೂರಿನ ಹತ್ತಿರ ಇನ್ನೊಂದು ಶಿರೂರು ಇದೆ, ಮ್ಯಾಪಿನಲ್ಲಿ ಹುಡುಕುವಾಗ ಎರಡೂ ಕಲಸಿಹೋಗುತ್ತೆ.

ಎರಡನೇ ದಿನ ಗೋಕರ್ಣದಿಂದ ಕಾಸರಕೋಡು, 45 ಕಿ.ಮೀ. ಹೆದ್ದಾರಿಗೆ ವಾಪಸ್ ಹೋಗಬೇಡಿ. ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ದಾಟಿದರೆ ಆಚೆ ದಡದಿಂದ ಕುಮಟಾಕ್ಕೆ ಊರೊಳಗಿನ ರಸ್ತೆ. ಇಡೀ ಪ್ರವಾಸದ ಒಳ್ಳೇ ತುಣುಕು ಇದು. ಮಿರ್ಜಾನ್ ಕೋಟೆ ಮಾತ್ರ ತಪ್ಪುತ್ತೆ, ಅದು ಹೆದ್ದಾರಿ ಬದಿ. ಕುಮಟಾದಿಂದ ಹೊನ್ನಾವರ 20 ಕಿ.ಮೀ., ಶರಾವತಿ ಸೇತುವೆ ದಾಟಿದರೆ ಕಾಸರಕೋಡು.

ಮೂರನೇ ದಿನ ಮುರುಡೇಶ್ವರ, ಭಟ್ಕಳದ ಮೇಲೆ ಬೈಂದೂರು, 60. ಬೈಂದೂರಿಗೆ ಮೊದಲು ಒತ್ತಿನೆಣೆ ಏರು ಬರುತ್ತೆ, ಉದ್ದ ಇಲ್ಲ, ಆದರೆ ದಿನದ ಕೊನೆಯಲ್ಲಿ ಸಿಕ್ಕೋದರಿಂದ ಕಾಲು ಕೇಳೋದಿಲ್ಲ. ಇಳಿದು ತಳ್ಳಿದರೂ ನಡೆಯುತ್ತೆ.

ನಾಲ್ಕನೇ ದಿನ ಬೈಂದೂರಿಂದ ಮರವಂತೆ, ಕುಂದಾಪುರ ದಾಟಿ ಮಲ್ಪೆ, 75. ಇದೇ ಉದ್ದದ ದಿನ, ಆರೂವರೆಗೆಲ್ಲ ರಸ್ತೆಯಲ್ಲಿರಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಏಳರ ಹತ್ತಿರ, ಮುಂದಿನ ದೀಪ ಬೇಕೇಬೇಕು. ಐದನೇ ದಿನ ಮಲ್ಪೆಯಿಂದ ಮಂಗಳೂರು, 65. ಆರನೇ ದಿನ ಮನೆ.

---

ಬೆಂಡ್_ತೆಗೆಯುವವ (ಮೈಸೂರು)

ಸ್ಪೇರ್ ಬಗ್ಗೆ ಕೇಳಿದೀರ. ಅದಕ್ಕಿಂತ ಮೊದಲು ಭಾರ. ಒಬ್ಬೊಬ್ಬರದು 8 ಕೆ.ಜಿ., ಜಾಸ್ತಿ ಅಂದರೆ 10. ಕ್ಯಾರಿಯರ್ ಮೇಲೆ 25 ಕೆ.ಜಿ. ಅಂತ ಬರೆದಿರುತ್ತೆ, ಅದು ಕ್ಯಾರಿಯರ್ ತಡೆಯೋ ತೂಕ, ನಿಮ್ಮ ಹಿಂದಿನ ಚಕ್ರ ತಡೆಯೋದಲ್ಲ. ಕಡ್ಡಿ ಮುರಿಯೋದು ಹೆಚ್ಚಾಗಿ ಹಿಂದಿನ ಚಕ್ರದ ಬಲಗಡೆ, ಫ್ರೀವೀಲ್ ಇರೋ ಕಡೆ. ಅಲ್ಲಿ ಕಡ್ಡಿಗಳು ನೆಟ್ಟಗೆ ನಿಂತಿರೋದರಿಂದ ಬಿಗಿ ಜಾಸ್ತಿ. ಒಂದು ಸಡಿಲ ಇದ್ದರೆ ಅದರ ಪಾಲು ಪಕ್ಕದ ಎರಡರ ಮೇಲೆ ಬೀಳುತ್ತೆ, ಮೊದಲು ಹೋಗೋದು ಅವೇ.

ಅದಕ್ಕೆ ಹೊರಡೋ ಎರಡು ವಾರ ಮುಂಚೆ ಎರಡೂ ಹಿಂದಿನ ಚಕ್ರ ಬೆಂಡ್ ತೆಗೆಸಿ, ಕಡ್ಡಿ ಸಮ ಬಿಗಿ ಮಾಡಿಸಿ. ಆಮೇಲೆ ಅದೇ ಚೀಲ, ಅದೇ ಭಾರ ಕಟ್ಟಿಕೊಂಡು ಮೇಲುಕೋಟೆ ಹತ್ತಿ ಇಳೀರಿ. ಸಡಿಲ ಆಗೋದೆಲ್ಲ ಅವತ್ತೇ ಆಗುತ್ತೆ. ವಾಪಸ್ ಬಂದು ಇನ್ನೊಂದು ಸಲ ಬಿಗಿ ಮಾಡಿಸಿದರೆ ಕಾರವಾರದ ದಾರಿ ಏನೂ ಅಲ್ಲ.

ಒಯ್ಯಬೇಕಾದ್ದು, ಇಬ್ಬರಿಗೂ ಸೇರಿ:
ಟ್ಯೂಬ್ 3, ತೇಪೆ 8–10, ಹೊಸ ಸೊಲ್ಯೂಷನ್ ಟ್ಯೂಬ್ ಒಂದು. ಹಳೇದು ಒಳಗೇ ಒಣಗಿರುತ್ತೆ, ಹಿಸುಕಿ ನೋಡಿ.
ಟೈರ್ ಲಿವರ್ 3, ಕೈಪಂಪು, ಅಲೆನ್ ಕೀ 4, 5, 6 ಎಂ.ಎಂ.
ಪೆಡಲ್ ಬಿಚ್ಚೋಕೆ 15 ಎಂ.ಎಂ. ಪಾನಾ. ಎಡಗಡೆ ಪೆಡಲ್ ತಿರುಪು ಉಲ್ಟಾ ಅನ್ನೋದು ನೆನಪಿರಲಿ. ಚಕ್ರ ನಟ್ಟಿನದಾದರೆ ಅದರ ಪಾನಾನೂ.
ಚೈನ್ ಕಟರ್, ನಿಮ್ಮ ಸೈಕಲ್ಲಿನದೇ ಸೈಜಿನ ಚೈನ್ ಲಿಂಕ್ 2.
ಬ್ರೇಕ್ ಶೂ ಒಂದು ಜೊತೆ, ಬ್ರೇಕ್ ತಂತಿ 1, ಹಿಂದಿನ ಗೇರ್ ತಂತಿ 1.
ಕಡ್ಡಿ 4. ಹಿಂದಿನ ಚಕ್ರದ ಎಡ ಬಲದ ಉದ್ದ ಬೇರೆ ಬೇರೆ, ಎರಡೆರಡು ಅಳತೆ ಮಾಡಿ ತಗೊಳ್ಳಿ. ಸೀಟ್ ಟ್ಯೂಬಿಗೆ ಟೇಪಿನಲ್ಲಿ ಸುತ್ತಿಡಿ.
ಕ್ಯಾರಿಯರ್ ಬೋಲ್ಟ್ 5 ಎಂ.ಎಂ. ದಪ್ಪದ್ದು 4, ಪ್ಲಾಸ್ಟಿಕ್ ಟೈ ಒಂದು ಹಿಡಿ.

ಕ್ಯಾರಿಯರ್ ಬೋಲ್ಟ್ ದಿನಾ ಬೆಳಗ್ಗೆ ನೋಡಬೇಕು. ಅದು ಬಿದ್ದರೆ ಕ್ಯಾರಿಯರ್ ಹಿಂದಕ್ಕೆ ವಾಲಿ ಚೀಲ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ, ಒಂದೇ ಏಟಿಗೆ ನಾಲ್ಕೈದು ಕಡ್ಡಿ ಹೋಗುತ್ತೆ. ನೈಲಾನ್ ನಟ್ ಹಾಕಿಸಿದರೆ ಅರ್ಧ ಚಿಂತೆ ಕಳೀತು.

ಗಾಳಿ: 35 ಟೈರಿಗೆ ಭಾರ ಇದ್ದಾಗ ಹಿಂದೆ 65, ಮುಂದೆ 55 ಪಿ.ಎಸ್.ಐ. ಟೈರಿನ ಬದಿಯಲ್ಲಿ ಬರೆದಿರೋ ಗರಿಷ್ಠ ದಾಟಬೇಡಿ. ಕಮ್ಮಿ ಇದ್ದರೆ ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತೆ. ಹಾಗಾಗಿದ್ದರೆ ಮುಳ್ಳು ಹುಡುಕಬೇಡಿ, ಗಾಳಿ ಕಮ್ಮಿ ಅಂತಲೇ ಅರ್ಥ. ಒಂದೇ ತೂತು ಇದ್ದರೆ ಹೆಚ್ಚಿನ ಸಲ ತಂತಿ. ಲಾರಿ ಟೈರು ಸಿಡಿದಾಗ ಒಳಗಿನ ಉಕ್ಕಿನ ಎಳೆಗಳು ಹೆದ್ದಾರಿ ಅಂಚಿನಲ್ಲಿ ಚೆಲ್ಲಿರುತ್ತವೆ. ಹೊಸ ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿ ಇದೆ. ಬರಿಬೆರಳು ಆಡಿಸಬೇಡಿ. ಆ ಎಳೆ ತೆಗೆಯದೆ ಟ್ಯೂಬ್ ಹಾಕಿದರೆ ಹತ್ತು ಕಿ.ಮೀ.ಗೆ ಮತ್ತೆ ಅದೇ ಕಥೆ.

ತೇಪೆ ನಿಲ್ಲದಿರೋದಕ್ಕೆ ಕಾರಣ ಬೆವರು. ಸೆಕೆಯಲ್ಲಿ ಕೈಯಿಂದ ಹನಿ ಬಿದ್ದರೆ ಸೊಲ್ಯೂಷನ್ ಹಿಡಿಯೋದಿಲ್ಲ. ಉಜ್ಜಿ, ಒರೆಸಿ, ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ, ಹೊಳಪು ಹೋದ ಮೇಲೆ ತೇಪೆ ಒತ್ತಿ. ರಸ್ತೆಯಲ್ಲಿ ಟ್ಯೂಬ್ ಬದಲಿಸಿ, ತೇಪೆ ಕೆಲಸ ರಾತ್ರಿ ರೂಮಿನ ಫ್ಯಾನ್ ಕೆಳಗೆ ಇಟ್ಟುಕೊಳ್ಳಿ.

ಟ್ಯೂಬಿನ ವಾಲ್ವ್ ಯಾವುದು ನೋಡಿ. ಬೈಕಿಗೆ ಇರೋ ದಪ್ಪ ವಾಲ್ವ್ ಆದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಸಬಹುದು. ತೆಳು ಪ್ರೆಸ್ಟಾ ಆದರೆ ಹಿತ್ತಾಳೆಯ ಅಡಾಪ್ಟರ್ ಎರಡು ಜೇಬಲ್ಲಿರಲಿ.

ಚೈನಿಗೆ ಕೊಬ್ಬರಿ ಎಣ್ಣೆ, ಗ್ರೀಸು ಎರಡೂ ಬೇಡ, ಮರಳು ಅಂಟಿಸಿಕೊಂಡು ಹಲ್ಲು ಅರೆದುಬಿಡುತ್ತೆ. ದಿನಾ ಸಂಜೆ ಒಣ ಬಟ್ಟೆಯಲ್ಲಿ ಒರೆಸಿ, ಲಿಂಕಿಗೆ ಒಂದೊಂದು ಹನಿ ಚೈನ್ ಆಯಿಲ್, ಹತ್ತು ಸುತ್ತು ತಿರುಗಿಸಿ ಮೇಲಿನದನ್ನ ಮತ್ತೆ ಒರೆಸಿ. ಇಳಿತದ ಹೊತ್ತಲ್ಲಿ ಒದ್ದೆ ಮರಳು ಗಟ್ಟಿ ಇರುತ್ತೆ, ಅದರ ಮೇಲೆ ಸೈಕಲ್ ಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತೆ ನಿಜ. ಉಪ್ಪುನೀರು ಹಬ್ಬಿನೊಳಗೆ ಹೋದರೆ ಬೇರಿಂಗ್ ಖರ್ಚು ನಿಮ್ಮ ಬಜೆಟ್ಟಿನ ಆಚೆ.

---

ಪಂಜುಗಂಗೊಳ್ಳಿ_ದಡ (ಊರು ಕುಂದಾಪ್ರ, ಕೆಲಸ ಮೈಸೂರು)

ಗಾಳಿ ವಿಚಾರ ಒಪ್ಪುತ್ತೇನೆ. ಆದರೆ ಕುಕ್ಕರಹಳ್ಳಿಯವರು ಒಂದನ್ನು ಬಿಟ್ಟರು. ನಾವು ಎಡಕ್ಕೆ ಹೋಗುವವರು. ಉತ್ತರಕ್ಕೆ ಹೊರಟರೆ ಸಮುದ್ರ ನಿಮ್ಮ ಬದಿಗೇ ಇರುತ್ತದೆ, ನಿಲ್ಲಬೇಕೆನಿಸಿದಲ್ಲಿ ನಿಲ್ಲಬಹುದು. ದಕ್ಷಿಣಕ್ಕೆ ಬಂದರೆ ನೀವು ನೆಲದ ಬದಿ, ನಡುವೆ ಡಿವೈಡರ್, ಆಚೆ ಇನ್ನೆರಡು ಲೇನ್, ಆಮೇಲೆ ಕಡಲು. ಮರವಂತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ದಕ್ಷಿಣಕ್ಕೆ ಹೋಗುವವರ ಮಗ್ಗುಲಿಗೆ ಸೌಪರ್ಣಿಕಾ ನದಿ, ಕಡಲು ಅತ್ತ ಕಡೆ. ಡಿವೈಡರ್ ಮೇಲೆ ಸೈಕಲ್ ಎತ್ತಿ ದಾಟುವ ಕೆಲಸ ಮಾಡಬೇಡಿ, ಎದುರು ಬರುವ ಬಸ್ಸುಗಳ ವೇಗ ಅಂದಾಜಿಗೆ ಸಿಗುವುದಿಲ್ಲ. ತೆರೆದ ಜಾಗದವರೆಗೆ ಹೋಗಿ, ಇಳಿದು, ತಳ್ಳಿಕೊಂಡು ದಾಟಿ.

ಇದಕ್ಕೆ ಪರಿಹಾರ ದಿಕ್ಕು ಬದಲಿಸುವುದಲ್ಲ, ಹೆದ್ದಾರಿ ಬಿಡುವುದು. 66ನೇ ಹೆದ್ದಾರಿಯ ಉದ್ದಕ್ಕೇ ತುಳಿದರೆ ನೀವು ನೋಡುವುದು ಟೋಲ್‌ಗೇಟ್ ಮತ್ತು ಮೀನು ಲಾರಿ. ಟೋಲ್ ಸೈಕಲ್ಲಿಗಿಲ್ಲ, ಆದರೆ ಮೀನು ಲಾರಿಯಿಂದ ಸೋರುವ ನೀರು ರಸ್ತೆಯನ್ನು ಜಾರಿಸುತ್ತದೆ, ತಿರುವಿನಲ್ಲಿ ಬ್ರೇಕ್ ಹಿಡಿಯಬೇಡಿ.

ನಾಲ್ಕನೇ ದಿನ ಬ್ರಹ್ಮಾವರ ದಾಟಿ ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಕೆಮ್ಮಣ್ಣು, ಹೂಡೆ ಕಡೆ ಇಳಿಯಿರಿ. ಹೂಡೆಯಿಂದ ಉತ್ತರಕ್ಕೆ ಕೋಡಿಬೆಂಗ್ರೆ: ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಅಗಲವಿಲ್ಲದ ನೆಲ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಮಾತ್ರ ಹೋಗಿ ಬನ್ನಿ, ಇಲ್ಲದಿದ್ದರೆ ಹೂಡೆಯಿಂದ ದಕ್ಷಿಣಕ್ಕೆ ದಂಡೆಯ ರಸ್ತೆ ನೇರ ಮಲ್ಪೆಗೆ.

ಐದನೇ ದಿನ ಮಲ್ಪೆಯಿಂದ ಉಡುಪಿಗೆ ಬಂದು ಹೆದ್ದಾರಿ ಹಿಡಿಯುವುದು ಅನ್ಯಾಯ. ಮಲ್ಪೆ ಬಂದರಿನ ಪಕ್ಕ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು, ಕಾಪು. ಲಾರಿ ಇಲ್ಲ, ಏರಿಲ್ಲ, ಕಡಲು ಬಲಗೈಗೆ ಹತ್ತಿರದಲ್ಲೇ. ಜನವರಿಯಲ್ಲಿ ಮಟ್ಟುಗುಳ್ಳ, ಅಂದರೆ ಮಟ್ಟು ಊರಿನ ಬದನೆ ಸಿಗುವ ಕಾಲ, ಗುಳ್ಳದ ಹುಳಿ ಸಿಕ್ಕಿದರೆ ಬಿಡಬೇಡಿ. ಕಾಪು ದೀಪಸ್ತಂಭ 1901ರದು, ಮೇಲೆ ಹತ್ತಲು ಬಿಡುವುದು ಸಂಜೆ ಹೊತ್ತು. ನೀವು ಬೆಳಿಗ್ಗೆ ಮುಟ್ಟುತ್ತೀರಿ, ಹಾಗಾಗಿ ಬಂಡೆಯಿಂದಲೇ ನೋಡಿ ಹೊರಡಬೇಕು. ಆಮೇಲೆ ಪಡುಬಿದ್ರಿ, ಮೂಲ್ಕಿ, ಸುರತ್ಕಲ್‌ವರೆಗೆ ಹೆದ್ದಾರಿಯೇ. ಪಣಂಬೂರು ದಾಟಿ ತಣ್ಣೀರುಬಾವಿಗೆ ತಿರುಗಿಕೊಂಡರೆ ಅಲ್ಲಿಂದ ಸುಲ್ತಾನ್ ಬತ್ತೇರಿಗೆ ದೋಣಿ ಇದೆ, ಕೂಳೂರು–ಕೊಟ್ಟಾರದ ವಾಹನಗಳ ಜಂಜಾಟ ತಪ್ಪುತ್ತದೆ. ಸೈಕಲ್ ಹತ್ತಿಸುವ ಮೊದಲು ದೋಣಿಯವರನ್ನು ಒಂದು ಮಾತು ಕೇಳಿ, ಭಾನುವಾರ ಜನ ಜಾಸ್ತಿ.

ನೀರಿಗಿಳಿಯುವ ಮಾತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿದರು. ಕಾವೇರಿಯಲ್ಲಿ ಈಜಿದವರಿಗೆ ಇಲ್ಲಿ ಅದೇ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ದಡಕ್ಕೆ ಬಂದ ನೀರು ವಾಪಸ್ಸು ಹೋಗಲು ಮರಳಿನ ದಿಬ್ಬಗಳ ನಡುವೆ ಓಣಿ ಮಾಡಿಕೊಳ್ಳುತ್ತದೆ. ಅಕ್ಕಪಕ್ಕ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಓಣಿ ಅದೇ. ಹೊಸಬರು ಅಲೆ ಇಲ್ಲವೆಂದು ಅಲ್ಲೇ ಇಳಿಯುತ್ತಾರೆ. ಎಳೆದುಕೊಂಡು ಹೋದರೆ ದಡದ ಕಡೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗಕ್ಕೆ ಬಂದ ಮೇಲೆ ದಡಕ್ಕೆ ತಿರುಗಿ. ಕಾವಲಿನವರು ಇರುವ ಕಾಸರಕೋಡು, ಪಡುಬಿದ್ರಿಯಲ್ಲಿ ಇಳಿಯಿರಿ, ಎರಡೂ ಬ್ಲೂ ಫ್ಲ್ಯಾಗ್ ಬೀಚುಗಳು, ಅಂದರೆ ಸ್ವಚ್ಛತೆ, ಸುರಕ್ಷತೆಗೆ ಮಾನ್ಯತೆ ಸಿಕ್ಕವು. ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿಯಲ್ಲಿ ಎಲ್ಲೂ ಬೇಡ. ಇನ್ನೊಂದು, ಉಪ್ಪುನೀರಲ್ಲಿ ಮಿಂದು ಹಾಗೇ ಸೀಟಿನ ಮೇಲೆ ಕೂತರೆ ಮರುದಿನ ತೊಡೆಸಂದು ಉರಿಯಿಂದ ಕೂರಲಾಗದು. ಸಿಹಿನೀರಲ್ಲಿ ತೊಳೆದು, ಒಣಗಿಸಿ, ವ್ಯಾಸಲಿನ್ ಹಚ್ಚಿ.

ಊಟಕ್ಕೆ ಚಿಂತೆ ಬೇಡ. ಬೆಳಿಗ್ಗೆ ಬನ್ಸ್, ನೀರುದೋಸೆ, ಗೋಳಿಬಜೆ. ಮಧ್ಯಾಹ್ನ ಕುಚ್ಚಲಕ್ಕಿ ಊಟ. ಮುದ್ದೆ ಐದು ದಿನ ಮರೆಯಬೇಕು, ಅಷ್ಟೇ. ಉಡುಪಿ ಕೃಷ್ಣಮಠದಲ್ಲಿ ಮಧ್ಯಾಹ್ನದ ಪ್ರಸಾದ ಉಚಿತ, ಆದರೆ ಮಲ್ಪೆ ದಾರಿಯಿಂದ ಒಳಗೆ ಬರಬೇಕು, ನಿಮ್ಮ ಸಮಯಕ್ಕೆ ಹೊಂದಿದರೆ ನೋಡಿ.

---

ಸಕ್ಕರೆನಾಡು_ಪೆಡಲ್ (ಮಂಡ್ಯ)

ಎಲ್ಲರಿಗೂ ದೊಡ್ಡ ನಮಸ್ಕಾರ. ಕಾರವಾರದಿಂದಲೇ ಶುರು, ಹೂಡೆ ಮತ್ತೆ ಪಡುಕೆರೆ ದಾರಿ ಗಟ್ಟಿ. ತಮ್ಮ ಟೆಂಟ್ ಬಿಡೋಕೆ ಒಪ್ತಾ ಇಲ್ಲ, "ಬೀಚಲ್ಲಿ ಮಲಗದೆ ಎಂಥ ಪ್ರವಾಸ" ಅಂತಾನೆ. ಲಾಡ್ಜು ಅಂದರೆ ಲೆಕ್ಕ 12,000ದಲ್ಲಿ ನಿಲ್ಲುತ್ತಾ? ಮಧ್ಯದಲ್ಲಿ ಯಾರಿಗಾದರೂ ಆಗಲ್ಲ ಅಂದರೆ ಏನು ದಾರಿ?

---

ಲೆಕ್ಕದ_ಪುಸ್ತಕ (ಮಂಡ್ಯ)

ಲೆಕ್ಕ ಹೀಗೆ ಹಾಕಿಕೊಳ್ಳಿ. ರೂಮು ನಾಲ್ಕೇ ರಾತ್ರಿ, ಯಾಕಂದರೆ ಹೋಗೋ ರಾತ್ರಿ, ಬರೋ ರಾತ್ರಿ ಎರಡೂ ರೈಲಲ್ಲೇ. ಇಬ್ಬರಿಗೆ ಫ್ಯಾನ್ ರೂಮು ಸರಾಸರಿ 900ರಂತೆ 3,600. ಊಟ ತಿಂಡಿ ತಲೆಗೆ ದಿನಕ್ಕೆ 350, ಇಬ್ಬರಿಗೆ ಐದು ದಿನಕ್ಕೆ 3,500. ಸ್ಲೀಪರ್ ಟಿಕೆಟ್ಟು, ಬೆಂಗಳೂರಿಗೆ ಹೋಗೋದು, ಸೈಕಲ್ ಲಗೇಜು ಎಲ್ಲಾ ಸೇರಿ 2,600 ತೆಗೆದಿಡಿ. ದೋಣಿ, ಎಳನೀರು, ಚಿಲ್ಲರೆಗೆ 500. ಒಟ್ಟು 10,200. ಉಳಿದ 1,800 ಮುಟ್ಟಬೇಡಿ, ಅದು ಕೆಟ್ಟ ದಿನಕ್ಕೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೇಬೇಕು ಅಂದರೆ ದೋಣಿ ಟಿಕೆಟ್ಟು ಅದರಿಂದಲೇ ಬರಬೇಕು. ಸಮಯವೂ ಅರ್ಧ ದಿನ ಹೋಗುತ್ತೆ, ಐದನೇ ದಿನದ ರೈಲು ತಪ್ಪುತ್ತೆ. ನನ್ನ ಕೇಳಿದರೆ ಈ ಸಲ ಬಿಡಿ.

ಟೆಂಟ್ ಬೇಡ ಅನ್ನೋದಕ್ಕೆ ತಮ್ಮನಿಗೆ ಹೇಳಿ: ಇಬ್ಬರ ಟೆಂಟು 2.5–3 ಕೆ.ಜಿ., ಮ್ಯಾಟು ಹೊದಿಕೆ ಸೇರಿ 5. ಬೆಂಡ್ ತೆಗೆಯುವವರು ಹೇಳಿದ 8 ಕೆ.ಜಿ. ಮಿತಿ ಅಲ್ಲೇ ಹೋಯ್ತು. ಪ್ರವಾಸಿ ಬೀಚುಗಳಲ್ಲಿ ರಾತ್ರಿ ಟೆಂಟ್ ಹಾಕೋಕೆ ಬಿಡೋದಿಲ್ಲ, ಪೊಲೀಸರು ಎಬ್ಬಿಸುತ್ತಾರೆ. ಖಾಸಗಿ ಜಾಗದಲ್ಲಿ ಹಾಕಿದರೆ ಅವರಿಗೆ ಕೊಡೋ ದುಡ್ಡು ರೂಮಿನ ಬಾಡಿಗೆಗೆ ಹತ್ತಿರ. ಬಾತ್‌ರೂಮ್ ಇಲ್ಲ, ಫೋನ್ ಚಾರ್ಜ್ ಇಲ್ಲ, ಎರಡು ಸೈಕಲ್ ಕಾಯಬೇಕು. ಜನವರಿಯಲ್ಲಿ ಇಬ್ಬನಿ ಬಿದ್ದು ಬೆಳಗ್ಗೆ ಟೆಂಟು ಒದ್ದೆ, ಒಣಗಿಸೋ ಹೊತ್ತಿಗೆ ತಂಪು ಹೊತ್ತು ಮುಗಿದಿರುತ್ತೆ.

ಅವನು ಕೇಳದಿದ್ದರೆ ಒಂದು ರಾತ್ರಿ ಮಾತ್ರ, ಊರವರ ಅಂಗಳ ಅಥವಾ ತೋಟದಲ್ಲಿ, ಕೇಳಿ ಹಾಕಿ. ಮರಳಲ್ಲಾದರೆ ಗೂಟ ನಿಲ್ಲೋದಿಲ್ಲ. ಅಕ್ಕಿಚೀಲದಂಥ ಸಣ್ಣ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳ ಹೂಳಬೇಕು. ಒಣ ಕಸ, ಚಿಪ್ಪು ಸಾಲಾಗಿ ಬಿದ್ದಿರೋ ಗೆರೆಯೇ ಉಬ್ಬರದ ಮಟ್ಟ, ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತೆ. ಸಂಜೆ ನೋಡಿದ ನೀರಿನ ಗೆರೆ ನಂಬಿ ಮಲಗಿದರೆ ನಡುರಾತ್ರಿ ಎದ್ದು ಓಡಬೇಕಾಗುತ್ತೆ. ಹೊನ್ನಾವರ ಕಡೆ ದಂಡೆಗೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡೋಕೆ ಬರುತ್ತೆ, ಅಲ್ಲಿ ದೀಪ, ಬೆಂಕಿ, ಟೆಂಟು ಯಾವುದೂ ಬೇಡ.

ಲಾಡ್ಜಿಗೆ ಹಿಂದಿನ ದಿನ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಕೆಳಗಿನ ಮಹಡಿ ರೂಮು ಇದೆಯಾ, ಸೈಕಲ್ ರೂಮಿನೊಳಗೆ ಇಡಬಹುದಾ, ಚೆಕ್‌ಔಟ್ 24 ಗಂಟೆಯದಾ ಇಲ್ಲ ಮಧ್ಯಾಹ್ನ 12ರದಾ. ಸೈಕಲ್ ಒಳಗೆ ಬಿಡೋದಿಲ್ಲ ಅಂದರೆ ಬೇರೆ ಲಾಡ್ಜು ನೋಡಿ. ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಕುಡಿಯೋ ನೀರು ಗಂಟೆಗೆ 500–700 ಎಂ.ಎಲ್. ಇರಲಿ. ಅಲ್ಲಿ ಚಳಿಗಾಲದಲ್ಲೂ ಬೆವರು ಮಂಡ್ಯದ ಬೇಸಿಗೆಯಷ್ಟು. ಬರೀ ನೀರು ಕುಡಿದರೆ ಮಧ್ಯಾಹ್ನಕ್ಕೆ ಮೀನಖಂಡ ಹಿಡಿದುಕೊಳ್ಳುತ್ತೆ, ಉಪ್ಪೂ ಹೋಗಬೇಕು. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ. ಇಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂದಾಜಿನಲ್ಲಿ ಉಪ್ಪು ಸುರೀಬೇಡಿ, ಜಾಸ್ತಿಯಾದರೆ ವಾಂತಿ. ದಂಡೆಯ ಬಾವಿ ನೀರು ಸವಳಿದ್ದರೆ ಬೇಡ.

ಆಗಲ್ಲ ಅಂದರೆ ಕೊಂಕಣ ರೈಲು ದಾರಿಯುದ್ದಕ್ಕೂ ಪಕ್ಕದಲ್ಲೇ ಇದೆ: ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಸುರತ್ಕಲ್. ಆದರೆ ಸಣ್ಣ ಸ್ಟೇಷನ್‌ನಲ್ಲಿ ಲಗೇಜ್ ವ್ಯಾನಿನ ಆಸೆ ಬೇಡ. ಅಲ್ಲಿ ಬಸ್ಸೇ ಸುಲಭ. ಜನ ಕಮ್ಮಿ ಇರೋ ಹೊತ್ತಲ್ಲಿ, ಅಂದರೆ 11ರಿಂದ 3ರ ನಡುವೆ ಕಂಡಕ್ಟರ್‌ನ ಕೇಳಿ, ಮುಂದಿನ ಚಕ್ರ ಬಿಚ್ಚಿ ಡಿಕ್ಕಿಗೋ ಟಾಪಿಗೋ ಹಾಕಬಹುದು. ಹುಷಾರಿಲ್ಲದೋರು ಬಸ್ಸಲ್ಲಿ ಮುಂದಿನ ಊರಿಗೆ, ಇನ್ನೊಬ್ಬರು ತುಳಿದುಕೊಂಡು. ಪ್ರವಾಸ ಕೆಡಿಸಿಕೊಳ್ಳಬೇಕಾಗಿಲ್ಲ.

---

ಕುಕ್ಕರಹಳ್ಳಿ_ಏರಿ (ಮೈಸೂರು)

ವಾಪಸ್ ಬರೋದನ್ನ ಸೇರಿಸ್ತೀನಿ. ಮುರುಡೇಶ್ವರದಿಂದ ಬೆಂಗಳೂರಿಗೆ ಹೋಗೋ ರೈಲು ಮಂಗಳೂರು ಸೆಂಟ್ರಲ್, ಮೈಸೂರು, ಮಂಡ್ಯದ ಮೇಲೇ ಹೋಗುತ್ತೆ. ಮಂಗಳೂರು ಬಿಡೋದು ಸಂಜೆ. ವೇಳೆ ಆಗಾಗ ಬದಲಾಗುತ್ತೆ, ಬುಕ್ ಮಾಡುವಾಗ ಖಾತ್ರಿ ಮಾಡ್ಕೊಳ್ಳಿ. ಐದನೇ ದಿನ ಮಧ್ಯಾಹ್ನ ಮೂರಕ್ಕೆಲ್ಲ ಸೆಂಟ್ರಲ್ ಪಾರ್ಸೆಲ್ ಕಚೇರಿ ಮುಂದೆ ಇರಬೇಕು. ಅಂದರೆ ಮಲ್ಪೆ ಬಿಡೋದು ಬೆಳಗ್ಗೆ ಆರೂವರೆ, ಪಡುಬಿದ್ರಿ ಸ್ನಾನಕ್ಕೆ ಅರ್ಧ ಗಂಟೆ, ಅಷ್ಟೇ.

ಸೈಕಲ್ಲನ್ನ ಮಂಡ್ಯಕ್ಕೆ ಬುಕ್ ಮಾಡಬೇಡಿ, ಅಲ್ಲಿ ನಿಲ್ಲೋದು ಒಂದೆರಡು ನಿಮಿಷ. ಇಳಿಸೋದು ತಪ್ಪಿದರೆ ಸೈಕಲ್ ಬೆಂಗಳೂರಿಗೆ ಹೋಗುತ್ತೆ. ಮೈಸೂರಿಗೆ ಮಾಡಿಸಿ, ನಿಮ್ಮ ಟಿಕೆಟ್ಟೂ ಮೈಸೂರಿಗೇ. ಗಾಡಿ ಬರೋದು ಬೆಳಕಾಗೋಕೆ ಮುಂಚೆ, ವೇಟಿಂಗ್ ಹಾಲಿನಲ್ಲಿ ಕೂತು ಬೆಳಗಾದ ಮೇಲೆ ಹೊರಡಿ. ಮಂಡ್ಯಕ್ಕೆ 45 ಕಿ.ಮೀ., ಶ್ರೀರಂಗಪಟ್ಟಣದ ಮೇಲೆ. ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಹತ್ತಬೇಡಿ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋಗೇ ಪ್ರವೇಶ ಇಲ್ಲ. ಸರ್ವಿಸ್ ರಸ್ತೆ ಹಿಡೀರಿ. ಎದುರು ದಿಕ್ಕಿಂದ ಬರೋ ಕಬ್ಬಿನ ಗಾಡಿಗೆ ಮಾತ್ರ ಜಾಗ ಬಿಡಿ.